ನೀವು ಕೇಳಿದ್ರಿ: ಗೀಟ್‌ಹೋರ್ನ್‌ಗೆ ಹೋಗೋದೇ ಆದ್ರೆ ಒಂದು ರಾತ್ರಿ ಉಳ್ಕೊಳ್ಳಿ

ಹೋದ ಸಂಚಿಕೆಯಲ್ಲಿ ನೆದರ್‌ಲ್ಯಾಂಡ್ಸ್ ಬಗ್ಗೆ ಬರೀತಾ ಗೀಟ್‌ಹೋರ್ನ್ ಅನ್ನೋ ಊರಿನ ಹೆಸರು ಹಾಗೇ ಒಂದು ಮಾತಲ್ಲಿ ಹೇಳಿ ಮುಂದೆ ಹೋಗ್ಬಿಟ್ಟಿದ್ದೆ, ಕಾರು ಹೋಗದ ಊರು, ಬೀದಿ ಇರಬೇಕಾದ ಕಡೆ ಕಾಲುವೆ ಇರೋ ಊರು ಅಂತ. ಅಷ್ಟಕ್ಕೇ ಬಂದಿರೋ ಪ್ರಶ್ನೆಗಳನ್ನ ನೋಡಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ, ಹೆಸರು ಹಾಕಬೇಡಿ ಅಂದವರೇ ಜಾಸ್ತಿ ಇದ್ದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ರೀಲ್ಸ್‌ನಲ್ಲಿ ನೋಡಿದ್ರೆ ಇಡೀ ಊರಲ್ಲಿ ಒಂದು ಕಾರೂ ಇಲ್ಲ ಅಂತಾರೆ. ನಿಜಾನಾ, ಇಲ್ಲ ಟೂರಿಸಂನೋರ ಬುರುಡೆನಾ? ಹಂಗಾದ್ರೆ ಅಲ್ಲಿ ಮನೆಗೆ ಫ್ರಿಜ್ಜು ಸೋಫಾ ಎಲ್ಲ ಹೆಂಗೆ ತರ್ತಾರೆ?

ಉತ್ತರ: ಬುರುಡೆ ಅಲ್ಲ, ಆದ್ರೆ ಪೂರ್ತಿ ಹೇಳಿಲ್ಲ. ಗೀಟ್‌ಹೋರ್ನ್ ಉದ್ದಕ್ಕೆ ಚಾಚಿಕೊಂಡಿರೋ ಊರು, ಅದ್ರ ಹಳೇ ಭಾಗ ಇದ್ಯಲ್ಲ, ನೀವು ರೀಲ್ಸ್‌ನಲ್ಲಿ ನೋಡಿರೋ ಹುಲ್ಲಿನ ಮಾಡು, ಮರದ ಸೇತುವೆ, ಮನೆ ಮುಂದೆ ನೀಲಿ ಹೈಡ್ರೇಂಜಿಯ ಹೂವು ಎಲ್ಲ ಇರೋ ಭಾಗ, ಅಲ್ಲಿಗೆ ಕಾರು ಹೋಗೋಕೆ ರಸ್ತೆನೇ ಇಲ್ಲ. ಯಾರೋ ಬೋರ್ಡ್ ಹಾಕಿ ಕಾರು ನಿಲ್ಲಿಸಿದ್ದಲ್ಲ, ಚಕ್ರ ಇಡೋಕೆ ಜಾಗ ಇಲ್ಲ ಅಷ್ಟೇ. ಮಧ್ಯೆ ಊರ ಕಾಲುವೆ, ಪಕ್ಕದಲ್ಲಿ ಬಿನ್ನನ್‌ಪಾಟ್ ಅಂತ ಒಂದು ಕಾಲುದಾರಿ, ಆಚೆ ಈಚೆ ಒಂದೊಂದು ಮನೆಗೂ ಒಂದೊಂದು ಪುಟ್ಟ ದ್ವೀಪ, ದ್ವೀಪಕ್ಕೆ ಹೋಗೋಕೆ ಒಂದು ಕಮಾನಿನ ಮರದ ಸೇತುವೆ. ಈ ಥರ 170ಕ್ಕೂ ಹೆಚ್ಚು ಸೇತುವೆ ಇವೆ. ಅವುಗಳನ್ನ ಅಷ್ಟು ಎತ್ತರಕ್ಕೆ ಕಟ್ಟಿರೋದು ಫೋಟೋ ಚೆನ್ನಾಗಿ ಬರ್ಲಿ ಅಂತಲ್ಲ, ಕೆಳಗೆ ದೋಣಿ ಹೋಗಬೇಕಲ್ಲ ಅದಕ್ಕೆ.

ಆದ್ರೆ ಊರಿನ ಪಶ್ಚಿಮದ ಅಂಚಿಗೆ ಬನ್ನಿ, ಅಲ್ಲಿ ಬ್ಯೂಲಾಕರ್‌ವೆಖ್ ಅನ್ನೋ ರಸ್ತೆ ಇದೆ, ಕಾರು ಬಸ್ಸು ಲಾರಿ ಎಲ್ಲ ಮಾಮೂಲಿಯಾಗಿ ಓಡುತ್ತೆ, ಆ ಕಡೆ ಹೊಸ ಮನೆಗಳೂ ಇವೆ, ಅವುಗಳ ಮುಂದೆ ಕಾರೂ ನಿಂತಿರುತ್ತೆ. ಹಳೇ ಭಾಗದೋರಿಗೂ ಕಾರಿದೆ ಸ್ವಾಮಿ, ಅವರೇನು ಸನ್ಯಾಸಿಗಳಲ್ಲ, ಊರಂಚಲ್ಲಿ ನಿಲ್ಲಿಸಿ ಮನೆಗೆ ನಡ್ಕೊಂಡೋ ಸೈಕಲ್‌ನಲ್ಲೋ ದೋಣೀಲೋ ಹೋಗ್ತಾರೆ. ಫ್ರಿಜ್ಜು ಸೋಫಾ ಥರ ಭಾರದ ಸಾಮಾನು ಬರೋದು ದೋಣೀಲೇ. ಇದಕ್ಕಂತ ಅಗಲ ತಳದ ದೊಡ್ಡ ದೋಣಿ ಹಿಂದಿನಿಂದ್ಲೂ ಇದೆ, ಬಾಕ್ ಅಂತಾರೆ, ಒಂದು ಕಾಲದಲ್ಲಿ ಒಣಹುಲ್ಲು, ಹಸು ಎಲ್ಲ ಅದ್ರಲ್ಲೇ ಸಾಗಿಸ್ತಿದ್ರು, ಮೇಯೋಕೆ ಹೊರಟ ಹಸುಗಳು ದೋಣೀಲಿ ಸಾಲಾಗಿ ನಿಂತಿರೋ ಹಳೇ ಫೋಟೋಗಳು ಈಗ್ಲೂ ನೋಡೋಕೆ ಸಿಗುತ್ತೆ. ಮದುವೆ ದಿಬ್ಬಣ ಹೋಗಿದ್ದೂ ದೋಣೀಲೇ, ಹೆಣ ಹೋಗಿದ್ದೂ ದೋಣೀಲೇ. ಪೋಸ್ಟ್‌ಮ್ಯಾನ್ ದೋಣೀಲಿ ಬರೋದಂತೂ ಫೇಮಸ್ಸು.

ಪ್ರಶ್ನೆ: ಇಷ್ಟು ಕಾಲುವೆ ತೋಡಿದ್ದು ಯಾರು, ಯಾಕೆ? ನೀರಾವರಿಗಾ? ಇಲ್ಲ ಕೋಟೆ ಕಂದಕದ ಥರಾನಾ? (ನಿವೃತ್ತ ಮೇಷ್ಟ್ರೊಬ್ಬರು)

ಉತ್ತರ: ಎರಡೂ ಅಲ್ಲ ಮೇಷ್ಟ್ರೇ. ಅವರು ಕಾಲುವೆ ಮಾಡಬೇಕು ಅಂತ ತೋಡಿದ್ದೇ ಅಲ್ಲ, ಉರುವಲಿಗಾಗಿ ನೆಲ ಅಗೆದ್ರು, ಅಗೆದ ಕಡೆ ನೀರು ನಿಂತ್ಕೊಳ್ತು, ಅಗೆದಿದ್ದನ್ನ ಸಾಗಿಸೋಕೆ ಇನ್ನಷ್ಟು ತೋಡಿದ್ರು, ಕೊನೆಗೆ ಊರೇ ನೀರಿನ ಮೇಲೆ ಉಳೀತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೋಗಿ ಬಂದ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಆ ಸೀಮೆ ಪೂರ್ತಿ ಜೌಗು. ಜೌಗಿನಲ್ಲಿ ಜೊಂಡು, ಪಾಚಿ, ಹುಲ್ಲು ಸತ್ತು ಬಿದ್ರೆ ನೀರಿನ ಕೆಳಗೆ ಗಾಳಿ ಸಿಗದೆ ಸರಿಯಾಗಿ ಕೊಳೆಯಲ್ಲ, ಹಾಗೇ ಪದರ ಪದರ ಒತ್ತಿಕೊಂಡು ಸಾವಿರಾರು ವರ್ಷದಲ್ಲಿ ಕಪ್ಪು ಕಂದು ಬಣ್ಣದ ಮಣ್ಣಿನಂಥದ್ದೊಂದು ಆಗುತ್ತೆ, ಪೀಟ್ ಅಂತಾರೆ. ಒಣಗಿಸಿದ್ರೆ ಚೆನ್ನಾಗಿ ಉರಿಯುತ್ತೆ. ಕಲ್ಲಿದ್ದಲು ಎಲ್ಲಾ ಕಡೆ ಸಿಗೋಕೆ ಮುಂಚೆ ಡಚ್ಚರ ಮನೆ ಒಲೆಯಿಂದ ಹಿಡಿದು ಇಟ್ಟಿಗೆ ಗೂಡಿನವರೆಗೆ ಎಲ್ಲದಕ್ಕೂ ಇದೇ ಉರುವಲು, ಹಾಗಾಗಿ ಊರೂರಿಂದ ಬೇಡಿಕೆ.

ಅಗೆಯೋ ಕೆಲಸ ಹೆಂಗಿತ್ತು ಅಂದ್ರೆ, ಒಬ್ಬ ಉದ್ದ ಕೋಲಿನ ತುದಿಗೆ ಬಲೆ ಥರದ ಬುಟ್ಟಿ ಕಟ್ಟಿಕೊಂಡು ನೀರಿನ ತಳದಿಂದ ಆ ಕೆಸರನ್ನ ಬಾಚಿ ಬಾಚಿ ಮೇಲೆ ಎತ್ತೋನು, ಒದ್ದೆ ಕೆಸರು ಎಷ್ಟು ಭಾರ ಇರುತ್ತೆ ಯೋಚನೆ ಮಾಡಿ, ದಿನವಿಡೀ ಅದೇ ಕೆಲಸ. ಆ ಕೆಸರನ್ನ ಕಲಸಿ, ಪಕ್ಕದಲ್ಲೇ ಅಗೆಯದೆ ಬಿಟ್ಟಿರೋ ಉದ್ದನೆ ನೆಲದ ಪಟ್ಟಿ ಮೇಲೆ ಹರವೋರು, ಸ್ವಲ್ಪ ನೀರು ಇಂಗಿದ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಅದ್ರ ಮೇಲೆ ತುಳಿದು ತುಳಿದು ಗಟ್ಟಿ ಮಾಡೋರು, ಆಮೇಲೆ ಇಟ್ಟಿಗೆ ಗಾತ್ರಕ್ಕೆ ಕೊಯ್ದು ನಾವು ಬೆರಣಿ ಒಣಗಿಸೋ ಹಾಗೆ ಬಿಸಿಲಿಗೆ ಗಾಳಿಗೆ ಒಟ್ಟಿ ಒಣಗಿಸೋರು. ಇವತ್ತು ನೀವು ಮೇಲಿಂದ ತೆಗೆದ ಫೋಟೋ ನೋಡಿದ್ರೆ ನೀರು, ನೆಲ, ನೀರು, ನೆಲ ಅಂತ ಬಾಚಣಿಗೆ ಎಳೆದಂಗೆ ಗೆರೆ ಕಾಣುತ್ತಲ್ಲ, ಆ ನೆಲದ ಗೆರೆಗಳೇ ಕೆಸರು ಒಣಗಿಸ್ತಿದ್ದ ಪಟ್ಟಿಗಳು, ನೀರಿನ ಗೆರೆಗಳು ಅಗೆದ ಗುಂಡಿಗಳು.

ಇಲ್ಲೇ ದುರಾಸೆ ಬಂತು. ಪಟ್ಟಿ ಅಗಲ ಬಿಟ್ಟಷ್ಟೂ ಉರುವಲು ಕಮ್ಮಿ, ಅದಕ್ಕೇ ಪಟ್ಟಿಗಳನ್ನ ತೆಳ್ಳಗೆ ಮಾಡ್ತಾ ಹೋದ್ರು, ಗುಂಡಿಗಳನ್ನ ಅಗಲ ಮಾಡ್ತಾ ಹೋದ್ರು. ಆಗ ಹತ್ರದಲ್ಲೇ ಜಾಯ್ಡರ್‌ಜೇ ಅನ್ನೋ ಕಡಲಿನ ಕೊಲ್ಲಿ ಇತ್ತು, ಬಿರುಗಾಳಿ ಬಂದ್ರೆ ಅಲ್ಲಿಂದ ನೀರು ಒಳಗೆ ನುಗ್ತಿತ್ತು. 1776ರ ಪ್ರವಾಹದಲ್ಲಿ ಆ ತೆಳು ಪಟ್ಟಿಗಳೆಲ್ಲ ಕೊಚ್ಚಿಕೊಂಡು ಹೋಗಿ ಪಕ್ಕದ ಬ್ಯೂಲಾಕೆ ಅನ್ನೋ ಹಳ್ಳಿ ಪೂರ್ತಿ ಮುಳುಗೋಯ್ತು, ಈಗ ಆ ಜಾಗದಲ್ಲಿರೋ ದೊಡ್ಡ ಕೆರೆಗೆ ಬ್ಯೂಲಾಕರ್‌ವೈಡೆ ಅಂತಾನೇ ಹೆಸರು. 1825ರಲ್ಲಿ ಮತ್ತೆ ದೊಡ್ಡ ಪ್ರವಾಹ. ಈ ಕಾಟ ನಿಂತಿದ್ದು 1932ರಲ್ಲಿ, 32 ಕಿಲೋಮೀಟರ್ ಉದ್ದದ ಆಫ್‌ಸ್ಲಾಯ್ಟ್‌ಡೈಕ್ ಅನ್ನೋ ಏರಿ ಕಟ್ಟಿ ಆ ಕೊಲ್ಲಿಯನ್ನೇ ಕಡಲಿಂದ ಬೇರೆ ಮಾಡಿದ ಮೇಲೆ. ಆಮೇಲೆ ಕೊಲ್ಲಿಯ ಒಂದು ಭಾಗದ ನೀರನ್ನ ಪಂಪ್ ಮಾಡಿ ಹೊರಗೆ ಹಾಕಿ ಹೊಲನೇ ಮಾಡ್ಕೊಂಡ್ರು, ಅದನ್ನ ಮುಂದೆ ಟ್ಯೂಲಿಪ್ ಪ್ರಶ್ನೆಯಲ್ಲಿ ಹೇಳ್ತೀನಿ.

ಸೊ ಮೇಷ್ಟ್ರೇ, ಕಾಲೆಂಡರ್‌ನಲ್ಲಿ ಹಾಕೋ ಹಾಗಿರೋ ಆ ಊರು ಬಡ ಕೂಲಿಗಳು ಬೆನ್ನು ಮುರ್ಕೊಂಡು ಅಗೆದ ಗಣಿ. ಮ್ಯೂಸಿಯಂ ಗೀಟ್‌ಹೋರ್ನ್ ಅಂತ ಹಳೇ ತೋಟದ ಮನೆಯೊಂದನ್ನ ಹಾಗೇ ಇಟ್ಟಿದ್ದಾರೆ, ಅಲ್ಲಿ ಗೋಡೆಯೊಳಗೆ ಬೀರು ಥರ ಬಾಗಿಲು ಹಾಕಿರೋ ಮಂಚ ನೋಡಿ, ಚಳಿಗೆ ಅದ್ರೊಳಗೆ ಮುದುರಿ ಮಲಗ್ತಿದ್ರು. ಅದನ್ನ ನೋಡಿದ ಮೇಲೆ ದೋಣಿ ಹತ್ತಿದ್ರೆ ಊರು ಬೇರೆ ಥರನೇ ಕಾಣುತ್ತೆ ಅಂತ ನನ್ನ ಅಭಿಪ್ರಾಯ. ಮನೆ ಮಾಡುಗಳನ್ನೂ ಗಮನಿಸಿ, ಕೆಲವಕ್ಕೆ ಮುಂದಿನ ಭಾಗ ತಗ್ಗು, ಹಿಂದಿನ ಭಾಗ ಒಂಟೆ ಡುಬ್ಬದ ಥರ ಎತ್ತರ. ಉರುವಲು ಮುಗಿದ ಮೇಲೆ ಜನ ಹೈನಕ್ಕೆ ಇಳಿದ್ರು, ಹುಲ್ಲಿನ ಫಸಲು ಜಾಸ್ತಿ ಆಯ್ತು, ಕೊಟ್ಟಿಗೆ ಸಾಲದೆ ಮೇಲಕ್ಕೆ ಎತ್ತರಿಸಿದ್ರು. ಮನೆ ಕೆಳಗೇ ದೋಣಿ ನುಗ್ಗೋ ಹಾಗೆ ಬಾಗಿಲು ಇರೋ ಕೊಟ್ಟಿಗೆಗಳೂ ಇವೆ.

ಪ್ರಶ್ನೆ: ಮಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದಾನೆ, ಅವನಿಗೆ ರಜ ಸಿಗಲ್ಲ. ನಾನೂ ನಮ್ಮ ಯಜಮಾನ್ರೂ ಇಬ್ರೇ ಹೋಗಿ ಬರೋಕಾಗುತ್ತಾ? ಡಚ್ ಅಂತೂ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ, ನನಗೆ ಮಂಡಿ ನೋವು ಬೇರೆ.

ಉತ್ತರ: ಧಾರಾಳವಾಗಿ ಹೋಗಬಹುದಮ್ಮ. ಆಮ್‌ಸ್ಟರ್‌ಡ್ಯಾಮ್‌ನಿಂದ ಸ್ಟೇನ್‌ವೈಕ್ ಅನ್ನೋ ಸ್ಟೇಷನ್‌ಗೆ ಟ್ರೇನ್, ಮಧ್ಯೆ ಸಾಮಾನ್ಯವಾಗಿ ಜ್ವೋಲೆಯಲ್ಲೋ ಅದಕ್ಕೂ ಮುಂಚೆಯೋ ಒಂದು ಸಲ ಬದಲಾಯಿಸಬೇಕು. ಸ್ಟೇನ್‌ವೈಕ್ ಸ್ಟೇಷನ್ ಹೊರಗಡೆನೇ ಬಸ್ ನಿಲ್ದಾಣ, 70ನೇ ನಂಬರ್ ಬಸ್ ಹತ್ತಿ, ಡೊಮಿನೇ ಹಿಲ್ಕೆಮಾವೆಖ್ ಅನ್ನೋ ಸ್ಟಾಪ್‌ನಲ್ಲಿ ಇಳೀರಿ, ಅಲ್ಲಿಂದ ಹಳೇ ಊರು ನಡೆಯೋ ದೂರ. ಹೆಸರು ಹೇಳೋಕೆ ನಾಲಿಗೆ ತಿರುಗದೇ ಇದ್ರೆ ಒಂದು ಚೀಟೀಲಿ ಮಗನ ಕೈಲಿ ಬರೆಸ್ಕೊಂಡು ಡ್ರೈವರ್‌ಗೆ ತೋರ್ಸಿ. ಬಸ್ ಕಾಯೋದು ಎಲ್ಲಾ ಸೇರಿ ಒಂದು ಕಡೆಗೆ ಎರಡು ಗಂಟೆ ಮೇಲೆ ಅಂತ ಇಟ್ಕೊಳ್ಳಿ. ಮಗನಿಗೆ ಹೇಳಿ ಫೋನಿಗೆ 9292 ಅನ್ನೋ ಆ್ಯಪ್ ಹಾಕಿಸ್ಕೊಳ್ಳಿ, ಟ್ರೇನು ಬಸ್ಸು ಎರಡೂ ಅದ್ರಲ್ಲಿ ಒಟ್ಟಿಗೆ ತೋರಿಸುತ್ತೆ, ಪ್ಲಾಟ್‌ಫಾರ್ಮ್ ನಂಬರ್ ಸಮೇತ. ಭಾನುವಾರ ಬಸ್ ಕಮ್ಮಿ, ವಾಪಸ್ ಬರೋ ಕೊನೇ ಬಸ್ಸಿನ ಟೈಮ್ ಮೊದ್ಲೇ ನೋಡ್ಕೊಳ್ಳಿ.

ಟಿಕೆಟ್‌ಗೆ ಕ್ಯೂ ನಿಲ್ಲೋದು ಬೇಡ. 2023ರಿಂದ ಇಡೀ ದೇಶದ ಟ್ರೇನು, ಬಸ್ಸು, ಟ್ರಾಮು ಎಲ್ಲದಕ್ಕೂ ಬ್ಯಾಂಕ್ ಕಾರ್ಡನ್ನೇ ತೋರಿಸಿ ಹತ್ತಬಹುದು. ಆದ್ರೆ ಮೂರು ವಿಷಯ ನೆನಪಿಡಿ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡಲ್ಲಿ ಇಬ್ರು ಹೋಗೋಕಾಗಲ್ಲ. ಹತ್ತುವಾಗ ತೋರಿಸಿದ ಕಾರ್ಡನ್ನೇ ಇಳಿಯುವಾಗ್ಲೂ ತೋರಿಸಬೇಕು, ಮರೆತ್ರೆ ಜಾಸ್ತಿ ದುಡ್ಡು ಹೋಗುತ್ತೆ, ಬಸ್ ಇಳಿಯುವಾಗಂತೂ ಹೊಸಬರು ಮರೆಯೋದು ಗ್ಯಾರಂಟಿ. ಇನ್ನೊಂದು, ನಮ್ಮ ದೇಶದ ಕಾರ್ಡಾದ್ರೆ ಹೊರದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ ಹೊರಡಿ, ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಇವು ಆಫ್ ಆಗೇ ಬರುತ್ತೆ.

ಮಂಡಿ ವಿಷಯಕ್ಕೆ ಬಂದ್ರೆ, ಕಾಲುದಾರಿ ಸಮತಟ್ಟು, ತೊಂದ್ರೆ ಕೊಡೋದು ಆ ಕಮಾನಿನ ಸೇತುವೆಗಳು. ಬಾಡಿಗೆಗೆ ಕೊಡೋ ಸಣ್ಣ ದೋಣಿಗಳಿಗೆ ದಡದಿಂದ ಕೆಳಗೆ ಕಾಲಿಟ್ಟು ಇಳೀಬೇಕು, ಅದು ಅಲ್ಲಾಡುತ್ತೆ ಬೇರೆ. ನೀವು ಮೇಲ್ಛಾವಣಿ ಇರೋ ದೊಡ್ಡ ಟೂರ್ ಬೋಟ್‌ನಲ್ಲಿ ಕೂತ್ಬಿಡಿ, ಓಡಿಸೋರೇ ಓಡಿಸ್ತಾರೆ, ಹೆಚ್ಚು ಕಮ್ಮಿ ಒಂದು ಗಂಟೆಯ ಸುತ್ತು, ಮಳೆ ಬಂದ್ರೂ ಚಿಂತೆ ಇಲ್ಲ.

ಪ್ರಶ್ನೆ: ಟೂರ್ ಕಂಪನಿಯೋರು ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಅಂತ ಪ್ಯಾಕೇಜ್ ಕೊಡ್ತಾರಲ್ಲ, ಅದು ಸಾಕಾಗಲ್ವಾ? ಹೋಗಿ ಬಂದ ಫ್ರೆಂಡ್ ಒಬ್ಳು ಬರೀ ಜನಜಾತ್ರೆ, ಏನಿಲ್ಲ ಅಲ್ಲಿ ಅಂತಾಳೆ.

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸುಳ್ಳಲ್ಲ, ಅವರು ಹೋಗಿದ್ದ ಹೊತ್ತು ಸರಿ ಇರ್ಲಿಲ್ಲ ಅಷ್ಟೇ. ಬೆಳಗ್ಗೆ ಆಮ್‌ಸ್ಟರ್‌ಡ್ಯಾಮ್ ಬಿಟ್ಟ ಬಸ್ಸುಗಳೆಲ್ಲ ಹನ್ನೊಂದರ ಸುಮಾರಿಗೆ ಬಂದು ನಿಲ್ತವೆ, ನಾಲ್ಕು ಐದರ ಹೊತ್ತಿಗೆ ಎಲ್ಲಾ ಹೊರಡ್ತವೆ. ಈ ಮಧ್ಯದಲ್ಲಿ ಆ ಒಂದು ಕಾಲುವೇಲಿ, ಬೇಸಿಗೆಯ ಶನಿವಾರ ಭಾನುವಾರ ಅಂದ್ರೆ, ದೋಣಿ ಹಿಂದೆ ದೋಣಿ, ಯಾರಿಗೂ ಸರಿಯಾಗಿ ಓಡಿಸೋಕೆ ಬರಲ್ಲ, ಒಂದು ಅಡ್ಡ ನಿಂತ್ರೆ ಹಿಂದಿನ ಹತ್ತು ನಿಲ್ಲುತ್ತೆ, ದಡದಲ್ಲಿ ಸೆಲ್ಫಿ ಕೋಲುಗಳ ಕಾಡು. ಟ್ರಾಫಿಕ್ ಜಾಮ್‌ನಿಂದ ತಪ್ಪಿಸ್ಕೊಂಡು ಹೋಗಿ ನೀರಿನ ಮೇಲೆ ಟ್ರಾಫಿಕ್ ಜಾಮ್‌ನಲ್ಲಿ ಕೂತ್ಕೊಂಡ್ರೆ ಯಾರಿಗೆ ತಾನೇ ಇಷ್ಟ ಆಗುತ್ತೆ.

ನನ್ನ ಸಲಹೆ ಒಂದೇ, ಆಮ್‌ಸ್ಟರ್‌ಡ್ಯಾಮ್‌ನ ಒಂದು ರಾತ್ರಿ ಕಮ್ಮಿ ಮಾಡಿ ಇಲ್ಲಿ ಒಂದು ರಾತ್ರಿ ಉಳ್ಕೊಳ್ಳಿ. ಜೂನ್ ಕೊನೇಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತು ಗಂಟೆ ಮೇಲೆ, ನಿಜವಾಗ್ಲೂ ಹತ್ತು ಗಂಟೆ. ಬಸ್ಸಿನೋರು ಹೊರಟ ಮೇಲೆ ನಾಲ್ಕೈದು ಗಂಟೆ ಬೆಳಕು ನಿಮ್ಮ ಪಾಲಿಗೆ ಪೂರ್ತಿ ಇರುತ್ತೆ. ಬಾಡಿಗೆ ದೋಣಿಗಳೆಲ್ಲ ಕಟ್ಟೆಗೆ ವಾಪಸ್ ಬಂದಿರುತ್ತೆ, ನೀರಿನ ಕದಡು ನಿಂತು ಮಾಡುಗಳ ನೆರಳು ನೆಟ್ಟಗೆ ಬಿದ್ದಿರುತ್ತೆ, ಬಾತುಕೋಳಿಗಳು ಕಾಲುವೆ ಮಧ್ಯಕ್ಕೆ ಬರ್ತವೆ, ಮನೆಯೋರು ಅಂಗಳಕ್ಕೆ ಬಂದು ಕುರ್ಚಿ ಹಾಕ್ಕೊಂಡು ಕೂರ್ತಾರೆ, ಯಾರೋ ಒಬ್ಬರು ಮರದ ದೋಣಿಯ ನೀರು ಎತ್ತಿ ಎತ್ತಿ ಹೊರಗೆ ಚೆಲ್ತಿರ್ತಾರೆ. ಊರು ಅನ್ನಿಸೋದು ಆವಾಗ.

ರೂಮ್ ಬುಕ್ ಮಾಡುವಾಗ ಒಂದು ಪ್ರಶ್ನೆ ಕೇಳಿ, ನಿಮ್ಮಲ್ಲೇ ದೋಣಿ ಇದ್ಯಾ, ಸಂಜೆ ಕೊಡ್ತೀರಾ ಅಂತ. ಕೆಲವು ಕಡೆ ಉಳ್ಕೊಂಡವರಿಗೆ ಕೊಡ್ತಾರೆ, ಹಂಗಿದ್ರೆ ನಿಮ್ಮ ಅದೃಷ್ಟ. ಮಾರನೇ ದಿನ ಬೆಳಗ್ಗೆ ಸೈಕಲ್ ತಗೊಂಡು ಪಕ್ಕದ ಡ್ವಾರ್ಸ್‌ಗ್ರಾಖ್ಟ್, ಯೋನನ್ ಕಡೆ ಹೋಗಿ, ಅವೂ ಕಾಲುವೆಯ ಹಳ್ಳಿಗಳೇ, ಪ್ರವಾಸಿಗಳು ಕಮ್ಮಿ. ಅಲ್ಲೆಲ್ಲ ಸೈಕಲ್ ದಾರಿ ಕೂಡೋ ಕಡೆ ನಂಬರ್ ಹಾಕಿರೋ ಕಂಬ ಇರುತ್ತೆ, ಈ ನಂಬರಿಂದ ಆ ನಂಬರಿಗೆ ಅಂತ ಹೋಗ್ತಿದ್ರೆ ದಾರಿ ತಪ್ಪೋ ಮಾತೇ ಇಲ್ಲ. ಇನ್ನೂ ಶಕ್ತಿ ಇದ್ರೆ ಬ್ಲಾಕ್‌ಜೈಲ್ ತನಕ ಹೋಗಿ, ಹಿಂದೆ ಅದು ಜಾಯ್ಡರ್‌ಜೇ ಮೇಲಿನ ಬಂದರು, ಕಡಲು ಹೋಗಿ ಬಂದರು ಮಾತ್ರ ಉಳ್ಕೊಂಡಿದೆ.

ಪ್ರಶ್ನೆ: ನನಗೆ ಸ್ಕೂಟರ್ ಬಿಟ್ರೆ ಏನೂ ಓಡಿಸೋಕೆ ಬರಲ್ಲ, ಈಜೂ ಬರಲ್ಲ. ದೋಣಿ ನಾವೇ ಓಡಿಸ್ಬೇಕಂತೆ, ಲೈಸೆನ್ಸ್ ಬೇಡ್ವಾ?

ಉತ್ತರ: ಬೇಡ. ಆ ದೇಶದಲ್ಲಿ 15 ಮೀಟರ್‌ಗಿಂತ ಉದ್ದದ ದೋಣಿಗೆ ಅಥವಾ ಗಂಟೆಗೆ 20 ಕಿಲೋಮೀಟರ್‌ಗಿಂತ ಜೋರಾಗಿ ಹೋಗಬಲ್ಲ ದೋಣಿಗೆ ಮಾತ್ರ ಲೈಸೆನ್ಸ್. ನಿಮಗೆ ಕೊಡೋ ಎಲೆಕ್ಟ್ರಿಕ್ ಬೋಟ್ ನಡೆಯೋರ ಜೊತೆ ಮಾತಾಡ್ಕೊಂಡು ಹೋಗೋ ಅಷ್ಟು ಸ್ಪೀಡು, ಸದ್ದೂ ಇಲ್ಲ ಹೊಗೇನೂ ಇಲ್ಲ. ಕಾಲುವೆಯ ಆಳ ಹೆಚ್ಚು ಕಮ್ಮಿ ಒಂದು ಮೀಟರ್, ಆದ್ರೂ ತಳದಲ್ಲಿ ಕೆಸರಿದೆ, ಮಕ್ಕಳಿಗೆ ಲೈಫ್ ಜಾಕೆಟ್ ಕೇಳಿ ಹಾಕಿಸಿ, ನಿಮಗೂ ಈಜು ಬರಲ್ಲ ಅಂತಿದ್ದೀರಿ, ನಾಚಿಕೆ ಬಿಟ್ಟು ನೀವೂ ಹಾಕ್ಕೊಳ್ಳಿ.

ಹಿಂದೆ ಕೂತು ಹಿಡಿಯೋ ಕೋಲಿನ ಚುಕ್ಕಾಣಿ ಇದ್ರೆ ಮೊದಲ ಐದು ನಿಮಿಷ ತಲೆ ಕೆಡುತ್ತೆ, ಕೋಲನ್ನ ಎಡಕ್ಕೆ ತಳ್ಳಿದ್ರೆ ದೋಣಿ ಮೂತಿ ಬಲಕ್ಕೆ ತಿರುಗುತ್ತೆ, ಸ್ಕೂಟರ್ ಅಭ್ಯಾಸ ಇರೋರಿಗೆ ಕೈ ತಾನಾಗೇ ಉಲ್ಟಾ ಹೋಗುತ್ತೆ. ಅದೂ ಅಲ್ದೆ ತಿರುಗಿಸಿದ ತಕ್ಷಣ ತಿರುಗಲ್ಲ, ಒಂದು ಕ್ಷಣ ಬಿಟ್ಟು ತಿರುಗುತ್ತೆ, ಅಷ್ಟರಲ್ಲಿ ನೀವು ಗಾಬರಿಯಾಗಿ ಇನ್ನೊಂದು ಕಡೆ ಎಳೆದಿರ್ತೀರ, ದೋಣಿ ಅಡ್ಡಾದಿಡ್ಡಿ ಹೋಗಿ ದಡಕ್ಕೆ ಧಡ್ ಅಂತ ಗುದ್ದುತ್ತೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ ಕಾಯಿರಿ. ಬ್ರೇಕ್ ಇಲ್ಲ, ನಿಲ್ಲಿಸೋಕೆ ರಿವರ್ಸ್ ಹಾಕಬೇಕು. ಸೇತುವೆ ಬಂದಾಗ ಎಲ್ಲರೂ ಕೂತ್ಕೊಳ್ಳಿ, ಕೈ ದೋಣಿಯಿಂದ ಹೊರಗೆ ಇಡಬೇಡಿ, ಎರಡು ದೋಣಿ ನಡುವೆ ಬೆರಳು ಸಿಕ್ಕಿಕೊಳ್ಳೋದು ಬೇಡ. ಕಾಲುವೆ ದಾಟಿ ಬೋವನ್‌ವೈಡೆ ಅನ್ನೋ ಕೆರೆಗೆ ಬಂದ್ರೆ ಗಾಳಿ ಹೊಡೆಯುತ್ತೆ, ಈ ದೋಣಿಗಳ ತಳ ಚಪ್ಪಟೆ ಆದ್ರಿಂದ ಪಕ್ಕಕ್ಕೆ ಸರ್ಕೊಂಡು ಹೋಗ್ತಿರುತ್ತೆ, ಗಾಳಿ ಜೋರಿದ್ದ ದಿನ ಕೆರೆ ಮಧ್ಯಕ್ಕೆ ಹೋಗೋ ಸಾಹಸ ಬೇಡ. ದೋಣೀಲಿ ಟಾಯ್ಲೆಟ್ ಇಲ್ಲ, ಹತ್ತೋಕೆ ಮುಂಚೆ ಮುಗಿಸಿ.

ಮೋಟರ್ ಇಲ್ಲದ ಹಳೇ ಕಾಲದ ಮರದ ದೋಣಿನ ಪಂಟರ್ ಅಂತಾರೆ, ಓಕ್ ಮರದ್ದು, ಉದ್ದನೆ ಕೋಲು ತಳಕ್ಕೆ ಊರಿ ತಳ್ಳಿ ಓಡಿಸೋದು. ಊರಲ್ಲಿ ಇವತ್ತಿಗೂ ಅದನ್ನ ಕಟ್ಟೋ ಕಸುಬಿನೋರಿದ್ದಾರೆ. ಅದನ್ನ ಓಡಿಸೋಕೆ ಮಾತ್ರ ನೀವು ಹೋಗಬೇಡಿ.

ಪ್ರಶ್ನೆ: ವೆನಿಸ್ ನೋಡಿದ್ದೀವಿ. ಇದನ್ನೂ ಉತ್ತರದ ವೆನಿಸ್ ಅಂತಾರೆ. ಮತ್ತೆ ಯಾಕೆ ಹೋಗ್ಬೇಕು?

ಉತ್ತರ: ವೆನಿಸ್ ಅಂತ ಹೋಗೋದಾದ್ರೆ ಹೋಗಬೇಡಿ. ಅದು ಅರಮನೆ ಚರ್ಚುಗಳ ನಗರ, ಇದು ಮೂರು ಸಾವಿರ ಜನವೂ ಇಲ್ಲದ ರೈತರ ಹಳ್ಳಿ. ಹುಲ್ಲು, ಜೊಂಡು, ಹಕ್ಕಿ, ಹಸು ಇಷ್ಟ ಇದ್ರೆ ಮಾತ್ರ ಇಲ್ಲಿ ಹೊತ್ತು ಹೋಗುತ್ತೆ.

ಪ್ರಶ್ನೆ: ಟ್ಯೂಲಿಪ್ ಟೈಮ್‌ನಲ್ಲಿ ಹೋದ್ರೆ ಎರಡೂ ಆಗುತ್ತಾ?

ಉತ್ತರ: ಆಗುತ್ತೆ. ಎಲ್ಲರೂ ಹೋಗೋ ಕ್ಯೂಕೆನ್‌ಹಾಫ್ ತೋಟ ಇರೋದು ಲಿಸ್ಸೆಯಲ್ಲಿ, ಅಲ್ಲಿಂದ ಗೀಟ್‌ಹೋರ್ನ್‌ಗೆ ದೇಶದ ಆ ಕಡೆಯಿಂದ ಈ ಕಡೆಗೆ ಬರಬೇಕು. ಆದ್ರೆ ಗೀಟ್‌ಹೋರ್ನ್ ಪಕ್ಕದಲ್ಲೇ ನೋರ್ಡ್‌ಓಸ್ಟ್‌ಪೋಲ್ಡರ್ ಇದೆ, 1942ರಲ್ಲಿ ಕೊಲ್ಲಿಯ ನೀರು ಬತ್ತಿಸಿ ಮಾಡಿದ ನೆಲ, ಮೇಷ್ಟ್ರಿಗೆ ಹೇಳಿದ್ನಲ್ಲ ಅದೇ. ಅಲ್ಲಿ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದ ತನಕ ಹೊಲಗಟ್ಟಲೆ ಟ್ಯೂಲಿಪ್ಪು, ಬೇಲಿ ಹಾಕಿದ ತೋಟ ಅಲ್ಲ, ರೈತರು ಗಡ್ಡೆಗೋಸ್ಕರ ಬೆಳೆಯೋದು. ಹೊಲದೊಳಗೆ ಇಳಿದು ಫೋಟೋ ತೆಗೆಯೋ ಕೆಲಸ ಮಾತ್ರ ಮಾಡಬೇಡಿ, ತುಳಿದ್ರೆ ಗಡ್ಡೆ ಹಾಳಾಗುತ್ತೆ, ಬೂಟಲ್ಲಿ ರೋಗ ಹರಡುತ್ತೆ ಅಂತ ಅವರಿಗೆ ಕೋಪ ಬರುತ್ತೆ. ಏಪ್ರಿಲ್ 27 ರಾಜನ ಹುಟ್ಟುಹಬ್ಬದ ರಜ, ಅವತ್ತು ಎಲ್ಲಾ ಕಡೆ ರಶ್ಶು. ಏಪ್ರಿಲ್‌ನಲ್ಲಿ ನೀರಿನ ಮೇಲೆ ಚಳಿ ಇರುತ್ತೆ, ಸ್ವೆಟರ್ ಮೇಲೆ ಗಾಳಿ ತಡೆಯೋ ಜಾಕೆಟ್ ಬೇಕೇ ಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೇನೂ ತಿನ್ನಲ್ಲ.

ಉತ್ತರ: ಮೊಟ್ಟೆ ತಿನ್ನೋರಾಗಿದ್ರೆ ಪ್ಯಾನ್‌ಕೇಕ್ ಮನೆಗಳಲ್ಲಿ ಹೊಟ್ಟೆ ತುಂಬ್ತಿತ್ತು, ತಟ್ಟೆ ಅಗಲದ ಪ್ಯಾನ್‌ಕೇಕ್, ಸೇಬು, ಚೀಸ್, ಸಿರಪ್ ಹಾಕಿ ಕೊಡ್ತಾರೆ. ನಿಮಗೆ ಉಳಿಯೋದು ಫ್ರೈಸ್, ಬ್ರೆಡ್ಡು, ಸಲಾಡು, ತರಕಾರಿ ಸೂಪು, ಸೂಪನ್ನ ಮಾಂಸದ ನೀರಲ್ಲಿ ಮಾಡಿದ್ದಾ ಅಂತ ಕೇಳಲೇಬೇಕು. ಚೀಸ್‌ನಲ್ಲೂ ಹಾಲು ಹೆಪ್ಪುಗಟ್ಟಲಿ ಅಂತ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರೋದುಂಟು, ಕಟ್ಟುನಿಟ್ಟಾದ್ರೆ ಅದನ್ನೂ ನೋಡಿ. ನಾನಾಗಿದ್ರೆ ಅಡುಗೆಮನೆ ಇರೋ ರೂಮ್ ತಗೊಂಡು ಸ್ಟೇನ್‌ವೈಕ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ ಮೊಸರು ತರಕಾರಿ ತಗೊಂಡು ಹೋಗ್ತಿದ್ದೆ. ನಲ್ಲಿ ನೀರು ಧೈರ್ಯವಾಗಿ ಕುಡೀಬಹುದು, ಬಾಟ್ಲಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ವೀಸಾ?

ಉತ್ತರ: ಷೆಂಗನ್ ವೀಸಾ, ಅಂದ್ರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡೋ ಒಂದೇ ವೀಸಾ, ಬೇರೆ ಏನಿಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ ಫೀ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ, ಅರ್ಜಿ ಸೆಂಟರ್‌ನವರ ಸರ್ವಿಸ್ ಚಾರ್ಜ್ ಬೇರೆ. ಹೊರಡೋ ದಿನಕ್ಕಿಂತ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಹತ್ರ ಬಂದ್ಮೇಲೆ ಹಾಕೋ ಹಾಗಿಲ್ಲ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹಲವು ದೇಶ ಸುತ್ತೋದಾದ್ರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೆ ಅರ್ಜಿ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಬೇಗ ಶುರು ಮಾಡಿ.

ಪ್ರಶ್ನೆ: ಮನೆ ಮುಂದೆ ದಿನವಿಡೀ ಸಾವಿರಾರು ಜನ ದೋಣೀಲಿ ಹೋಗ್ತಾ ಫೋಟೋ ಹೊಡೀತಿದ್ರೆ ಅಲ್ಲಿನೋರಿಗೆ ಕಿರಿಕಿರಿ ಆಗಲ್ವಾ? ನಮಗೆ ಹೋಗೋಕೆ ಒಂಥರಾ ಮುಜುಗರ.

ಉತ್ತರ: ಆಗುತ್ತೆ, ಹೇಳ್ಕೊಂಡೂ ಇದ್ದಾರೆ. ಆದ್ರೆ ಆ ಊರಿನ ಬಹಳಷ್ಟು ಜನಕ್ಕೆ ಅನ್ನ ಹುಟ್ಟೋದೂ ಅದ್ರಿಂದ್ಲೇ. ಇದು ಇವತ್ತಿನ ಕಥೆಯಲ್ಲ, 1958ರಲ್ಲಿ ಡಚ್ ನಿರ್ದೇಶಕ ಬರ್ಟ್ ಹಾನ್‌ಸ್ಟ್ರಾ ತಮ್ಮ ‘ಫ್ಯಾನ್‌ಫೇರ್’ ಅನ್ನೋ ಕಾಮಿಡಿ ಸಿನಿಮಾನ ಇಲ್ಲಿ ಶೂಟ್ ಮಾಡಿದ್ರು, ದೇಶದ ಜನ ಊರು ನೋಡೋಕೆ ಬರೋಕೆ ಶುರುಮಾಡಿದ್ದು ಅದಾದ ಮೇಲೆ. 2015ರಲ್ಲಿ ಮೊನಾಪಲಿ ಆಟದ ವಿಶ್ವ ಆವೃತ್ತಿಯಲ್ಲಿ ದೊಡ್ಡ ದೊಡ್ಡ ನಗರಗಳ ಜೊತೆ ಈ ಹಳ್ಳಿಗೂ ಒಂದು ಮನೆ ಸಿಕ್ತು, ಅಷ್ಟೊತ್ತಿಗೆ ಏಷ್ಯಾದಿಂದ್ಲೂ ಬಸ್ಸುಗಟ್ಟಲೆ ಜನ.

ಮುಜುಗರ ಪಟ್ಕೊಂಡು ಮನೇಲಿ ಕೂರೋದಕ್ಕಿಂತ ಮರ್ಯಾದೆಯಿಂದ ಹೋಗಿ ಬನ್ನಿ. ಸೇತುವೆ ಕಂಡ ತಕ್ಷಣ ಹತ್ತಬೇಡಿ, ಬಹಳಷ್ಟು ಸೇತುವೆ ಆ ಮನೆಯೋರ ಸ್ವಂತದ್ದು, ಗೇಟ್ ಹತ್ರ ಪ್ರಿವೇ ಅಂತ ಬರೆದಿರುತ್ತೆ, ಅಂದ್ರೆ ಖಾಸಗಿ. ಅಂಗಳದ ಹುಲ್ಲಿಗೆ ಬೇಲಿ ಇಲ್ಲ ಅಂತ ಅದು ಪಾರ್ಕ್ ಅಲ್ಲ. ಕಿಟಕಿಗೆ ಪರದೆ ಹಾಕದೇ ಇರೋದು ಡಚ್ಚರ ರೂಢಿ, ಒಳಗೆ ಇಣುಕಿ ನೋಡಿ ಅಂತ ಕರೆದಿದ್ದಲ್ಲ. ದೋಣೀಲಿ ಸ್ಪೀಕರ್ ಹಾಕಿ ಹಾಡು ಹಾಕೋರನ್ನ ನೋಡಿದ್ರೆ ನನಗೇ ಮೈ ಉರಿಯುತ್ತೆ, ಮನೆಯೋರಿಗೆ ಹೆಂಗಿರಬೇಡ. ಇನ್ನೊಂದು ಜನಕ್ಕೆ ಗೊತ್ತಾಗದೇ ಇರೋ ವಿಷಯ, ಕಾಲುವೆಯ ಎರಡೂ ದಡಕ್ಕೆ ಮರದ ಹಲಗೆ ಹೊಡೆದಿರ್ತಾರೆ, ಒಳಗಿನ ಪೀಟ್ ಮಣ್ಣು ಮೆತ್ತಗೆ, ಹಲಗೆ ಹೋದ್ರೆ ಅಂಗಳವೇ ನೀರಿಗೆ ಕುಸಿಯುತ್ತೆ. ದಿನಕ್ಕೆ ನೂರು ದೋಣಿ ಧಡ್ ಧಡ್ ಅಂತ ಗುದ್ದಿದ್ರೆ ಹಲಗೆ ಎಷ್ಟು ದಿನ ತಡೆಯುತ್ತೆ? ನಗ್ತಾ ಗುದ್ದಿ ಹೋಗೋರಿಗೆ ಅದು ಆಟ, ಮನೆಯೋರಿಗೆ ರಿಪೇರಿ.

ಪ್ರಶ್ನೆ: ಅಂಕಲ್, ಚಳಿಗಾಲದಲ್ಲಿ ಆ ಕಾಲುವೆ ಐಸ್ ಆಗುತ್ತಾ? ಸ್ಕೂಲಿಗೆ ಸ್ಕೇಟಿಂಗ್ ಮಾಡ್ಕೊಂಡು ಹೋಗ್ತಾರಾ? (ಆರನೇ ಕ್ಲಾಸಿನ ಓದುಗಿ)

ಉತ್ತರ: ಆಗುತ್ತೆ ಪುಟ್ಟಿ, ಆದ್ರೆ ಈಗೀಗ ಪ್ರತಿ ವರ್ಷ ಆಗಲ್ಲ. ಕಾಲುವೆ ಆಳ ಕಮ್ಮಿ, ನೀರು ಹರಿಯೋದೂ ನಿಧಾನ, ಹಾಗಾಗಿ ಚೆನ್ನಾಗಿ ಚಳಿ ಬಿದ್ರೆ ಬೇಗ ಗಟ್ಟಿಯಾಗುತ್ತೆ, ಆವಾಗ ಊರಿಗೆ ಊರೇ ಸ್ಕೇಟ್ಸ್ ಕಟ್ಟಿಕೊಂಡು ಇಳಿಯುತ್ತೆ, ಹೊಸದಾಗಿ ಕಲಿಯೋ ಪುಟ್ಟ ಮಕ್ಕಳು ಬೀಳದೇ ಇರೋಕೆ ಮನೆಯ ಕುರ್ಚಿ ತಂದು ಅದನ್ನ ಹಿಡ್ಕೊಂಡು ತಳ್ತಾ ಹೋಗ್ತಾರೆ. ಆದ್ರೆ ಚಳಿಗಾಲ ಬೆಚ್ಚಗಾಗ್ತಾ ಬಂದು ಅಷ್ಟು ದಪ್ಪ ಐಸ್ ಅಪರೂಪ ಆಗಿದೆ. ಪಕ್ಕದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹನ್ನೊಂದು ಊರು ಸುತ್ತೋ ಸುಮಾರು 200 ಕಿಲೋಮೀಟರ್‌ನ ದೊಡ್ಡ ಸ್ಕೇಟಿಂಗ್ ರೇಸ್ ಇದೆ, ಎಲ್ಫ್‌ಸ್ಟೇಡನ್‌ಟಾಖ್ಟ್ ಅಂತ, ಅದು ಕೊನೇ ಸಲ ನಡೆದಿದ್ದು 1997ರ ಜನವರಿಯಲ್ಲಿ. ಆಮೇಲೆ ಇಡೀ ದಾರಿಗೆ ಸಾಕಾಗೋ ಅಷ್ಟು ಐಸ್ ಕಟ್ಟಿಲ್ಲ.

ಚಳಿಗಾಲದಲ್ಲಿ ಇನ್ನೊಂದು ನೋಡೋಕಿದೆ. ಊರನ್ನ ಸುತ್ತಿಕೊಂಡಿರೋ ವೇರ್‌ರಿಬ್ಬನ್-ವೀಡನ್ ಅನ್ನೋ ರಾಷ್ಟ್ರೀಯ ಉದ್ಯಾನದಲ್ಲಿ ಆವಾಗ ಜೊಂಡು ಕೊಯ್ಲು, ಮಾಡಿಗೆ ಹೊದಿಸೋದು ಅದೇ ಜೊಂಡು, ಕಟ್ಟು ಕಟ್ಟಿ ನಿಲ್ಲಿಸಿರ್ತಾರೆ. ಅದೇ ಜೌಗಲ್ಲಿ ನೀರುನಾಯಿಗಳೂ ಇವೆ, ಆ ದೇಶದಲ್ಲಿ ಒಂದು ಸಲ ಪೂರ್ತಿ ಇಲ್ಲವಾಗಿದ್ವು, 2002ರಲ್ಲಿ ಹೊರಗಿಂದ ತಂದು ಇಲ್ಲೇ ಬಿಟ್ಟಿದ್ದು. ಅವು ಕಾಣಿಸ್ಕೊಳ್ಳೋದು ಕಷ್ಟ, ದಡದ ಕೆಸರಲ್ಲಿ ಹೆಜ್ಜೆ ಗುರುತು ಸಿಕ್ರೂ ಸಿಗಬಹುದು.

ಐಸ್ ಇರೋ ಟೈಮಲ್ಲಿ ಹೋದ್ರೆ ಅಪ್ಪನಿಗೆ ಇದನ್ನ ಹೇಳು, ಊರಿನೋರು ಇಳಿದಿದ್ರೆ ಮಾತ್ರ ನೀವೂ ಇಳೀರಿ, ಮತ್ತೆ ಸೇತುವೆ ಕೆಳಗಿನ ಐಸ್ ತೆಳ್ಳಗಿರುತ್ತೆ, ಅಲ್ಲಿ ಸ್ಕೇಟ್ಸ್ ಕಟ್ಟಿಕೊಂಡೇ ದಡ ಹತ್ತಿ ನಡ್ಕೊಂಡು ದಾಟಿ ಆ ಕಡೆ ಮತ್ತೆ ಇಳೀಬೇಕು.